ಆಕ್ಸಿಜನ್ ಜೊತೆ ಮನೆಗೆ ಬರುತ್ತಿರುವ ಪಾಪು: ಅಕ್ಕಪಕ್ಕದವರು ನಾವೇನು ಮಾಡಬಹುದು?

ಸಂಕದಾಚೆ ಮನೆ | ಜೂನ್ 7, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೊಸನಗರದಿಂದ ಬಿದನೂರು ನಗರದ ಕಡೆ ಹೋಗುವಾಗ ಮೇನ್ ರೋಡ್ ಬಿಟ್ಟು ಒಳಗೆ ಬಂದರೆ ನಮ್ಮ ಊರು. ಊರೆಂದರೆ ಹನ್ನೊಂದು ಮನೆ, ಅಷ್ಟೇ.

ಮಾರ್ಚ್ ಕೊನೆಯಲ್ಲಿ ಪಕ್ಕದ ಮನೆ ಹುಡುಗಿಗೆ ಏಳನೇ ತಿಂಗಳಿಗೇ ಹೆರಿಗೆ ಆಯ್ತು. 28 ವಾರ ತುಂಬಿತ್ತು. ಹೆಣ್ಣು ಮಗು, ಹುಟ್ಟಿದಾಗ 1 ಕೆಜಿ 40 ಗ್ರಾಂ. ನಾನು ಅವಳನ್ನು ತಂಗಿ ಅಂತಲೇ ಕರೆಯೋದು, ಇಲ್ಲಿಯೂ ಹಾಗೇ ಬರೆಯುತ್ತೇನೆ. ಅವತ್ತಿನಿಂದ ತಂಗಿ ಶಿವಮೊಗ್ಗದ ಆಸ್ಪತ್ರೆಯಲ್ಲೇ ಇದ್ದಾಳೆ. ಗಂಡ ವಾರಕ್ಕೊಮ್ಮೆ ಬಂದು ತೋಟ ನೋಡಿ ವಾಪಸ್ ಹೋಗುತ್ತಾನೆ. ಮನೆಯಲ್ಲಿ ಅತ್ತೆ, ಮತ್ತೆ ನಾಲ್ಕು ವರ್ಷದ ದೊಡ್ಡ ಮಗ.

ಇನ್ನೊಂದು ವಾರದಲ್ಲಿ ಮನೆಗೆ ಕಳಿಸುತ್ತೇವೆ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಪಾಪುವಿನ ಶ್ವಾಸಕೋಶ ಇನ್ನೂ ಪೂರ್ತಿ ಬಲಿತಿಲ್ಲ. ಮೂಗಿಗೆ ಸಣ್ಣ ಟ್ಯೂಬಿನಲ್ಲಿ ಆಕ್ಸಿಜನ್ ಬಿಟ್ಟುಕೊಂಡೇ ಇರಬೇಕು. ನಿಮಿಷಕ್ಕೆ ಅರ್ಧ ಲೀಟರ್. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬೇಕು. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟ್ ಇರುವುದಿಲ್ಲ. ಅವರ ಮನೆಗೆ ಹೋಗಲು ಹಳ್ಳದ ಮೇಲೆ ಅಡಿಕೆ ಮರದ ಕಾಲುಸಂಕ ದಾಟಬೇಕು. ಆಂಬುಲೆನ್ಸ್ ಅಂಗಳದ ತನಕ ಬರುವುದಿಲ್ಲ.

ಊರವರಿಗೆಲ್ಲ ಮನಸ್ಸಿದೆ. ಹೇಗೆ ಅಂತ ಗೊತ್ತಿಲ್ಲ. ಹೋದ ವಾರ ನಾವು ಏಳು ಜನ ಜೀಪ್ ಮಾಡಿಕೊಂಡು ನೋಡೋಕೆ ಹೋದೆವು. ಪಾಪು ಹತ್ತಿರ ಬಿಡಲಿಲ್ಲ. ತಂಗಿಯೇ ಹೊರಗೆ ಬಂದಳು. ಒಬ್ಬೊಬ್ಬರು ಒಂದೊಂದು ಕೇಳಿದೆವು. ಒಂದೂವರೆ ಗಂಟೆ ನಿಂತುಕೊಂಡೇ ಹೇಳಿದಳು. ಹೊರಡುವಾಗ ನೋಡುತ್ತೇನೆ, ಅವಳ ರವಿಕೆ ಎದೆಯ ಹತ್ತಿರ ಪೂರ್ತಿ ಒದ್ದೆ. ಹಾಲು ಹಿಂಡುವ ಹೊತ್ತು ಮೀರಿ ಹೋಗಿತ್ತು. ನಮ್ಮಿಂದ.

ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಇಂಥ ಮಗು ಸಾಕಿದವರು, ಇಂಥ ಮನೆಯ ಪಕ್ಕದಲ್ಲಿದ್ದವರು ಇದ್ದರೆ ದಯವಿಟ್ಟು ಹೇಳಿ.

ಸಾಗರದ ಅಮ್ಮ | ಜೂನ್ 7, ರಾತ್ರಿ 10:25

ಅಕ್ಕಾ, ಅವಳ ರವಿಕೆ ಒದ್ದೆಯಾಗಿದ್ದು ನಿಮ್ಮ ಕಣ್ಣಿಗೆ ಬಿತ್ತಲ್ಲ. ನೋಡಿಯೂ ಕಾಣದೆ ಹೋಗುವವರೇ ಜಾಸ್ತಿ. ಮನಸ್ಸಿಗೆ ತುಂಬ ಹಚ್ಚಿಕೊಳ್ಳಬೇಡಿ.

ನನ್ನ ಮಗ 30 ವಾರಕ್ಕೆ ಹುಟ್ಟಿದವನು. ಈಗ ಎರಡನೇ ಕ್ಲಾಸು. 47 ದಿನ ಆಸ್ಪತ್ರೆಯಲ್ಲಿದ್ದೆವು. ಆಗ ದಿನಕ್ಕೆ ಇಪ್ಪತ್ತು ಫೋನ್ ಬರುತ್ತಿತ್ತು. ಎಲ್ಲರದ್ದೂ ಒಂದೇ ಪ್ರಶ್ನೆ, ತೂಕ ಎಷ್ಟಾಯ್ತು? ತೂಕ ಹತ್ತು ಗ್ರಾಂ ಇಳಿದ ದಿನ ಅದನ್ನೇ ಇಪ್ಪತ್ತು ಸಲ ಹೇಳಬೇಕಿತ್ತು. ಇಪ್ಪತ್ತು ಸಲವೂ ಅಳು ಬರುತ್ತಿತ್ತು. ಆಮೇಲೆ ನಮ್ಮ ಮೈದುನ ಒಂದು ವಾಟ್ಸಾಪ್ ಗ್ರೂಪ್ ಮಾಡಿದ. ಸಂಜೆ ಅವನೊಬ್ಬನೇ ನನ್ನ ಹತ್ತಿರ ಕೇಳಿ ನಾಲ್ಕು ಸಾಲು ಹಾಕುತ್ತಿದ್ದ. ಅವತ್ತಿನಿಂದ ಫೋನ್ ನಿಂತಿತು. ನಿಮ್ಮಲ್ಲೂ ಯಾರಾದರೂ ಒಬ್ಬರು ಮಾಡಿ.

‘ಏನಾದ್ರೂ ಬೇಕಿದ್ರೆ ಹೇಳು’ ಅಂತ ಎಲ್ಲರೂ ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಆದರೆ ನಿದ್ದೆ ಇಲ್ಲದ ತಲೆಗೆ ಏನು ಬೇಕು ಅಂತ ಯೋಚಿಸುವುದೂ ಒಂದು ಕೆಲಸ. ನಮ್ಮ ಬೀದಿಯ ಒಬ್ಬರು ಮಾತ್ರ ಏನೂ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಬಂದು ಜಗಲಿಯಲ್ಲಿದ್ದ ಬಕೆಟ್ಟಿನಿಂದ ಪಾಪುವಿನ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಸಂಜೆ ಮಡಚಿ ತಂದಿಡುತ್ತಿದ್ದರು. ಜುಲೈ ತಿಂಗಳು. ನಮ್ಮ ಕಡೆ ಜುಲೈಯಲ್ಲಿ ಬಟ್ಟೆ ಒಣಗುತ್ತಾ? ಒಲೆ ಮೇಲೆ ಹರವಿದರೆ ಬಟ್ಟೆಯೆಲ್ಲ ಹೊಗೆ ವಾಸನೆ, ಈ ಮಕ್ಕಳಿಗೆ ಅದು ಆಗಲ್ಲ. ಅವರು ಒಂದೊಂದು ತುಂಡನ್ನೂ ಇಸ್ತ್ರಿ ಪೆಟ್ಟಿಗೆಯಲ್ಲಿ ತಿಕ್ಕಿ, ಹಬೆ ನಿಲ್ಲುವ ತನಕ ತಿಕ್ಕಿ, ತಮ್ಮ ಕೆನ್ನೆಗೆ ಒತ್ತಿ ನೋಡಿ ಮಡಚುತ್ತಿದ್ದರಂತೆ. ಅವರ ಮಗಳು ಎಷ್ಟೋ ದಿನದ ಮೇಲೆ ಹೇಳಿದಳು. ಎರಡೂವರೆ ತಿಂಗಳು ಹೀಗೆ ನಡೆಯಿತು. ಒಂದು ದಿನವೂ ಒಳಗೆ ಬಂದು ಕೂತವರಲ್ಲ.

ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿಯಿರಿ ಅಕ್ಕ. ಹಿಡಿದದ್ದನ್ನು ಮಧ್ಯದಲ್ಲಿ ಬಿಡಬೇಡಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಆರನೇ ವಾರ ಯಾರೂ ಇರಲ್ಲ.

ಕೊನೆಗೌಡ | ಜೂನ್ 8, ಬೆಳಿಗ್ಗೆ 6:15

ನಮ್ಮಲ್ಲಿ ಮುಯ್ಯಾಳು ಅಂತ ಇದೆ ಅಲ್ವಾ. ನಾಟಿಗೆ, ಕೊನೆ ಕೊಯ್ಲಿಗೆ, ಅಡಿಕೆ ಸುಲಿಯೋಕೆ ಒಬ್ಬರ ಮನೆಗೆ ಒಬ್ಬರು ಹೋಗುವುದು. ಹಾಗೇ ಹೋಗಿ. ಅವರ ಗದ್ದೆ ನಾಟಿ, ತೋಟಕ್ಕೆ ಔಷಧಿ ಹೊಡೆಯುವುದು, ಎಲ್ಲ ಈಗಲೇ ಬರುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಮಳೆ ಜೋರಾಗುವ ಮುಂಚೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯದಿದ್ದರೆ ಆ ವರ್ಷದ ಫಸಲು ಕೈಬಿಟ್ಟ ಹಾಗೆ. ಆಸ್ಪತ್ರೆಯಿಂದ ಬಂದವರಿಗೆ ಆ ಪೆಟ್ಟೂ ಬೀಳಬಾರದು. ಈ ಮುಯ್ಯಿಗೆ ಮಾತ್ರ ತೀರಿಸುವ ಲೆಕ್ಕ ಇಡಬೇಡಿ.

ನೈಟ್ ಡ್ಯೂಟಿ | ಜೂನ್ 8, ಬೆಳಿಗ್ಗೆ 8:50

ನಾನು ಶಿವಮೊಗ್ಗದಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನಿಮ್ಮ ಪಾಪುವನ್ನು ನೋಡುತ್ತಿರುವ ಡಾಕ್ಟರ ಮಾತೇ ಕೊನೆ ಮಾತು. ನಾನು ಮನೆಯ ಮಟ್ಟದ ವಿಷಯ ಮಾತ್ರ ಬರೆಯುತ್ತೇನೆ.

ಮೊದಲು ಆಕ್ಸಿಜನ್. ಮನೆಗೆ ಸಾಮಾನ್ಯವಾಗಿ ಕಾನ್ಸಂಟ್ರೇಟರ್ ಮೆಷಿನ್ ಬರೆಯುತ್ತಾರೆ. ಅದು ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುತ್ತದೆ, ಕರೆಂಟ್ ಬೇಕೇ ಬೇಕು. ಐದು ಲೀಟರಿನ ಮೆಷಿನ್ ಸುಮಾರು 300–350 ವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರಿಗೆ 150 ಎಎಚ್ ಬ್ಯಾಟರಿ ಒಂದೇ ಇದ್ದರೆ ನಾಲ್ಕು ಗಂಟೆ ಬಂದರೆ ಹೆಚ್ಚು. ಹಾಗಾಗಿ ಇನ್ವರ್ಟರ್ ನಂಬಿ ಕೂರಬೇಡಿ. ಸಿಲಿಂಡರ್ ಇರಲೇಬೇಕು. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ ಅರ್ಧ ಲೀಟರ್ ಅಂದರೆ 3000 ನಿಮಿಷ, 50 ಗಂಟೆ. ಪೂರ್ತಿ ಖಾಲಿಯಾಗುವ ತನಕ ಕಾಯುವಂತಿಲ್ಲ, ಸ್ವಲ್ಪ ಕಡಿಮೆಯೇ ಹಿಡಿಯಿರಿ. ನಿಮ್ಮ ಕಡೆ ಮೂರು ದಿನ ಕರೆಂಟ್ ಹೋಗುವುದುಂಟು, ಆದ್ದರಿಂದ ಎರಡು ಇರಲಿ. ಸಣ್ಣ ಅಳತೆ ತೋರಿಸುವ ಫ್ಲೋಮೀಟರ್ ಕೇಳಿ ತನ್ನಿ. ದೊಡ್ಡವರಿಗೆ ಬಳಸುವುದರಲ್ಲಿ ಅರ್ಧ ಲೀಟರ್ ಸರಿಯಾಗಿ ಗೊತ್ತಾಗಲ್ಲ. ಫ್ಲೋ ಎಷ್ಟಿರಬೇಕು ಅನ್ನುವುದು ಡಾಕ್ಟರದ್ದು. ಪಾಪು ಚೆನ್ನಾಗಿ ಕಂಡಿತು ಅಂತ ಕಮ್ಮಿ ಮಾಡುವುದು, ಸಪ್ಪಗೆ ಕಂಡಿತು ಅಂತ ಏರಿಸುವುದು ಬೇಡ.

ಬೆಂಕಿ ವಿಷಯ ಒತ್ತಿ ಹೇಳುತ್ತೇನೆ. ಆಕ್ಸಿಜನ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಅಗ್ಗಿಷ್ಟಿಕೆ, ಬೀಡಿ ಯಾವುದೂ ಬೇಡ. ಅಡಿಗೆ ಒಲೆ, ಬಚ್ಚಲ ಒಲೆಯಿಂದ ದೂರದ ಕೋಣೆ ಆರಿಸಿ. ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ: ಎಣ್ಣೆ ಕೈಯಲ್ಲಿ ಸಿಲಿಂಡರಿನ ವಾಲ್ವ್ ಮುಟ್ಟಬಾರದು. ಒತ್ತಡದ ಆಕ್ಸಿಜನ್ ಮತ್ತೆ ಎಣ್ಣೆ ಜಿಡ್ಡು ಸೇರಿದರೆ ಬೆಂಕಿ ಹತ್ತುತ್ತದೆ. ಮಗುವಿಗೆ ಎಣ್ಣೆ ಹಚ್ಚಿದ ಕೈ, ತಲೆಗೆ ಹಚ್ಚಿಕೊಂಡ ಕೈ, ಸೋಪು ಹಾಕಿ ತೊಳೆದೇ ಮುಟ್ಟಿ. ಸಿಲಿಂಡರನ್ನು ಕಂಬಕ್ಕೆ ಕಟ್ಟಿ ನೇರ ನಿಲ್ಲಿಸಿ.

ನೋಡಲು ಬರುವವರು ಕಡಿಮೆಯಾಗಲಿ. ನೆಗಡಿ ಕೆಮ್ಮು ಇದ್ದವರಂತೂ ಅಂಗಳದಿಂದಲೇ ಮಾತಾಡಿ. ನಿಮಗೆ ಬರೀ ಸೀನು, ಈ ಶ್ವಾಸಕೋಶಕ್ಕೆ ಅದು ಮತ್ತೆ ಆಸ್ಪತ್ರೆ.

ಮನೆಯವರು ಗಮನಿಸಬೇಕಾದ್ದು: ಹಾಲು ಕುಡಿಯುವುದು ಬಿಟ್ಟರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಮೈ ಬಿಸಿ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಫೋನ್ ಸಿಗದಿದ್ದರೆ ಜೀಪಿನಲ್ಲಿ ಹೊರಟೇಬಿಡಿ. ಜೀಪ್ ಇರುವವರು ಯಾರು, ರಾತ್ರಿ ಎರಡಕ್ಕೆ ಎಬ್ಬಿಸಿದರೆ ಬರುತ್ತಾರಾ, ಇದನ್ನು ಇವತ್ತೇ ಕೇಳಿಟ್ಟುಕೊಳ್ಳಿ.

ಹಳೇ ಲೈನ್‌ಮನ್ | ಜೂನ್ 8, ಮಧ್ಯಾಹ್ನ 1:10

ಕರೆಂಟ್ ಬಗ್ಗೆ ನನಗೆ ಗೊತ್ತಿರುವುದು ಹೇಳುತ್ತೇನೆ. ಮೂವತ್ತು ಮಳೆಗಾಲ ಕಂಬ ಹತ್ತಿದವನು ನಾನು.

ಪಾಪು ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬರೆದು, ಮನೆಯಲ್ಲಿ ಆಕ್ಸಿಜನ್ ಮೇಲಿರುವ ಮಗು ಇದೆ ಅಂತ ಒಂದು ಅರ್ಜಿ ಬರೆಯಿರಿ. ಡಾಕ್ಟರ ಚೀಟಿಯ ಜೆರಾಕ್ಸ್ ಸೇರಿಸಿ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಕೊಡಿ. ಕೊಟ್ಟರೆ ಮಳೆಯಲ್ಲಿ ಲೈನ್ ಬೀಳುವುದಿಲ್ಲ ಅಂತಲ್ಲ. ಆದರೆ ಹತ್ತು ಕಡೆ ಲೈನ್ ಬಿದ್ದಾಗ ಯಾವ ಕಡೆ ಮೊದಲು ಹೋಗಬೇಕು ಅಂತ ಹುಡುಗರು ಯೋಚಿಸುತ್ತಾರೆ. ಆಗ ಈ ಮನೆ ನೆನಪಾಗಬೇಕು. ನಿಮ್ಮ ಕಡೆಯ ಲೈನ್‌ಮನ್ ಹತ್ತಿರ ಬಾಯಲ್ಲೂ ಹೇಳಿ. ಕಂಪ್ಲೇಂಟ್ 1912.

ಮತ್ತೆ ನಿಮ್ಮ ಊರಿಗೆ ಬರುವ ಲೈನ್ ಉದ್ದಕ್ಕೂ ನಡೆದು ನೋಡಿ. ತಂತಿ ಮೇಲೆ ಬಾಗಿದ ಬಿದಿರು ಮೆಳೆ, ಒಣಗಿದ ಕೊಂಬೆ ಎಲ್ಲೆಲ್ಲಿದೆ ಗುರುತು ಮಾಡಿ ಆಫೀಸಿಗೆ ತಿಳಿಸಿ. ನೀವೇ ಕಡಿಯೋಕೆ ಹೋಗಬೇಡಿ, ಲೈನ್ ಆಫ್ ಮಾಡಿಸಿಯೇ ಕಡಿಯಬೇಕು. ಮೆಷಿನ್ನಿಗೆ ಹೊಸ ಪ್ಲಗ್ ಪಾಯಿಂಟ್, ಸರಿಯಾದ ಅರ್ಥಿಂಗ್ ಹಾಕಿಸಿ. ಒಂದೇ ಸಾಕೆಟ್ಟಿಗೆ ಮೂರು ವೈರ್ ಸಿಕ್ಕಿಸುವುದು ಬೇಡ. ನಾನು ಈಗ ರಿಪ್ಪನ್‌ಪೇಟೆಯಲ್ಲಿದ್ದೇನೆ. ಬೇಕಿದ್ದರೆ ಬಂದು ಮನೆ ವೈರಿಂಗ್ ನೋಡಿಕೊಟ್ಟು ಹೋಗುತ್ತೇನೆ, ಬಸ್ ಚಾರ್ಜೂ ಬೇಡ.

ಐದು ಬಾಣಂತನ | ಜೂನ್ 8, ಸಂಜೆ 5:30

ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಎಣ್ಣೆ ನೀರು ಬೇಡ, ಸಾಂಬ್ರಾಣಿ ಹೊಗೆ ಬೇಡ, ಬಜೆ ಬೇಡ, ಜೇನು ನೆಕ್ಕಿಸಬೇಡಿ, ನೋಡೋಕೂ ಬರಬೇಡಿ ಅಂತ ಆಸ್ಪತ್ರೆಯವರು ಹೇಳುತ್ತೀರಿ. ಎಲ್ಲ ಒಪ್ಪಿದೆ. ಆದರೆ ಆ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ ಅಂದಿರಿ. ಎರಡು ತಿಂಗಳಿಂದ ಮೊಮ್ಮಗಳ ಮುಖ ನೋಡಿಲ್ಲ. ದೊಡ್ಡ ಮೊಮ್ಮಗನನ್ನು ಒಬ್ಬಳೇ ಸಾಕುತ್ತಿದ್ದಾಳೆ. ಈಗ ಮಗು ಮನೆಗೆ ಬಂದಾಗಲೂ ದೂರ ನಿಲ್ಲು ಅಂದರೆ ಅವಳ ಕರುಳು ಏನಾಗಬೇಡ? ಅವಳಿಗೂ ಒಂದು ಕೆಲಸ ಹೇಳಿ ನರ್ಸಮ್ಮ.

ನೈಟ್ ಡ್ಯೂಟಿ | ಜೂನ್ 8, ರಾತ್ರಿ 7:05

ಅಮ್ಮಾ, ನೀವು ಕೇಳಿದ್ದು ತುಂಬ ಒಳ್ಳೆಯದಾಯ್ತು. ನಾನೇ ಬರೆಯಬೇಕಿತ್ತು.

ಅಜ್ಜಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಇದೆ. ಕಾಂಗರೂ ಆರೈಕೆ ಅನ್ನುತ್ತೇವೆ. ಮಗುವಿಗೆ ಡೈಪರ್, ಟೋಪಿ, ಕಾಲುಚೀಲ ಮಾತ್ರ ಹಾಕಿ, ಬರೀ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ ನೇರವಾಗಿ ಅವಚಿಕೊಂಡು ಮೇಲಿಂದ ಸೀರೆಯಲ್ಲಿ ಕಟ್ಟಿಕೊಳ್ಳುವುದು. ಮಗುವಿನ ಮುಖ ಒಂದು ಪಕ್ಕಕ್ಕೆ ತಿರುಗಿರಬೇಕು, ಮೂಗು ಬಾಯಿ ಕಾಣುತ್ತಿರಬೇಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಬ್ಬರು ಡಾಕ್ಟರು ಇದನ್ನು ಶುರು ಮಾಡಿದರು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ತೂಕ ಕಡಿಮೆ ಇರುವ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನುತ್ತದೆ. ತಾಯಿಯೊಬ್ಬಳೇ ಅಷ್ಟು ಹೊತ್ತು ಹೇಗೆ ಕೂರುತ್ತಾಳೆ? ಅಪ್ಪ ಮಾಡಬಹುದು, ಅಜ್ಜಿ ಮಾಡಬಹುದು. ಮೂಗಿನಲ್ಲಿ ಆಕ್ಸಿಜನ್ ಇದ್ದರೂ ಮಾಡಬಹುದು, ಡಿಸ್ಚಾರ್ಜ್ ದಿನ ಡಾಕ್ಟರನ್ನು ಒಂದು ಮಾತು ಕೇಳಿ.

ಅಜ್ಜಿಯನ್ನು ಡಿಸ್ಚಾರ್ಜಿಗೆ ಎರಡು ದಿನ ಮುಂಚೆಯೇ ಶಿವಮೊಗ್ಗಕ್ಕೆ ಕಳಿಸಿ. ವಾರ್ಡಿನಲ್ಲಿ ಕೈ ತೊಳೆಯುವುದು, ಒಳಲೆ ಹಿಡಿಯುವುದು, ಎದೆಗೆ ಕಟ್ಟಿಕೊಳ್ಳುವುದು ಎಲ್ಲ ಕಲಿಸಿಯೇ ಕಳಿಸುತ್ತಾರೆ. ದೊಡ್ಡ ಹುಡುಗನನ್ನು ಆ ಎರಡು ದಿನ ಯಾರಾದರೂ ಇಟ್ಟುಕೊಳ್ಳಿ.

ತೀರ್ಥಹಳ್ಳಿ ಅಪ್ಪ | ಜೂನ್ 8, ರಾತ್ರಿ 9:20

ನನ್ನ ಮಗನದು ಹೃದಯದ ತೊಂದರೆ. ತೂತಿತ್ತು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತಿತ್ತು, ತೂಕ ಏರುತ್ತಿರಲಿಲ್ಲ. ಏಳನೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಈಗ ಓಡುತ್ತಾನೆ.

ಹಣದ ಬಗ್ಗೆ ಮೊದಲು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ತನಕ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿಗೆ ಹೋಗಿ ಆಮೇಲೆ ಒದ್ದಾಡಬೇಡಿ. ತುರ್ತು ಇದ್ದರೆ ಅದು ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದ ತನಕದ ಮಗುವಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ (ಜೆಎಸ್‌ಎಸ್‌ಕೆ) ಅಡಿ ಚಿಕಿತ್ಸೆ, ಔಷಧಿ, ಹೋಗಿ ಬರುವ ವಾಹನ ಉಚಿತ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಈ ಕಾಗದದ ಕೆಲಸವನ್ನು ಊರಿನಲ್ಲಿ ಓದಿದ ಹುಡುಗ ಒಬ್ಬ ಹಿಡಿಯಲಿ. ಎಲ್ಲದಕ್ಕೂ ಐದು ಜೆರಾಕ್ಸ್, ಒಂದು ಫೈಲು. ನಾನು ಬೆಂಗಳೂರಿನಲ್ಲಿ ಒಂದು ಸೀಲ್ ಇಲ್ಲ ಅಂತ ವಾಪಸ್ ಊರಿಗೆ ಬಂದಿದ್ದೇನೆ, ಮಗುವನ್ನು ಹೆಂಡತಿ ಜೊತೆ ಅಲ್ಲೇ ಬಿಟ್ಟು. ರಾತ್ರಿ ಬಸ್ಸಿನಲ್ಲಿ ಕೂತು ಅತ್ತದ್ದು ಅವತ್ತೇ.

ಆಪರೇಷನ್ನಿಗೆ ಸ್ಕೀಮ್ ಇತ್ತು. ನಮ್ಮನ್ನು ಹಣ್ಣು ಮಾಡಿದ್ದು ಮಿಕ್ಕ ಖರ್ಚು. ಬಸ್ಸು, ರೂಮು, ಊಟ, ಕೆಲಸ ಹೋದದ್ದು. 23 ದಿನ ಅಲ್ಲಿದ್ದೆವು. ಮನೆಯಲ್ಲಿ ಎರಡು ಹಸು. ಹೊರಡುವ ದಿನ ಹಸು ಮಾರಿಬಿಡೋಣ ಅಂತಲೇ ಇದ್ದೆ. ಪಕ್ಕದ ಮನೆ ಅಣ್ಣ ‘ಹೋಗು ನೀನು’ ಅಂದರು, ಅಷ್ಟೇ. ವಾಪಸ್ ಬಂದು ನೋಡಿದರೆ 46 ಹೊತ್ತೂ ಹಾಲು ಡೈರಿಗೆ ಹೋಗಿತ್ತು. ಹಾಲಿನ ಪುಸ್ತಕದಲ್ಲಿ ಒಂದೊಂದು ಹೊತ್ತಿನ ಲೀಟರ್, ಫ್ಯಾಟ್ ಎಲ್ಲ ಬರೆಸಿದ್ದರು. ಹಣ ನನ್ನ ಅಕೌಂಟಿಗೇ ಬಂದಿತ್ತು. ಹಿಂಡಿ ತಂದ ಚೀಟಿಯನ್ನೂ ಪುಸ್ತಕದೊಳಗೆ ಇಟ್ಟಿದ್ದರು. ಆ ಪುಸ್ತಕ ಈಗಲೂ ನಮ್ಮ ದೇವರ ಗೂಡಿನಲ್ಲಿದೆ.

ಕೋಟೆ ರಸ್ತೆ ಹುಡುಗ | ಜೂನ್ 8, ರಾತ್ರಿ 10:00

ಅಕ್ಕ, ಪಾಪುವಿನ ಒಂದು ಫೋಟೋ ಮತ್ತೆ ಅವರ ಗೂಗಲ್ ಪೇ ನಂಬರ್ ಕಳಿಸಿ. ನಮ್ಮ ಕಾಲೇಜಿನ ಹನ್ನೆರಡು ಗ್ರೂಪಿಗೆ ಹಾಕುತ್ತೇನೆ. ಟ್ಯೂಬ್ ಎಲ್ಲ ಕಾಣುವ ಫೋಟೋ ಇದ್ದರೆ ಜನ ಬೇಗ ಹಣ ಹಾಕುತ್ತಾರೆ.

ತೀರ್ಥಹಳ್ಳಿ ಅಪ್ಪ | ಜೂನ್ 8, ರಾತ್ರಿ 10:12

ಬೇಡ ತಮ್ಮ. ನಿನ್ನ ಮನಸ್ಸು ಒಳ್ಳೆಯದು, ಬೇಜಾರು ಮಾಡಿಕೊಳ್ಳಬೇಡ. ನನ್ನ ಮಗನ ಫೋಟೋವನ್ನು ಯಾರೋ ಹೀಗೇ ಹಾಕಿದರು. ಮೈತುಂಬ ವೈರ್ ಇರುವ ಫೋಟೋ. ನಾಲ್ಕು ವರ್ಷ ಆಯ್ತು, ಇನ್ನೂ ಸುತ್ತುತ್ತಿದೆ. ಹೋದ ವರ್ಷ ನೋಡಿದಾಗ ಕೆಳಗಡೆ ಬೇರೆ ಯಾರದೋ ಅಕೌಂಟ್ ನಂಬರ್ ಇತ್ತು. ಮಗು ಚೆನ್ನಾಗಿರುವಾಗ ಆ ಫೋಟೋ ಫೋನಿಗೆ ಬಂದರೆ ನನ್ನ ಹೆಂಡತಿ ಅವತ್ತು ಊಟ ಮಾಡಲ್ಲ.

ಗುರುತಿರುವವರಲ್ಲಿ ಬಾಯಲ್ಲಿ ಕೇಳಿ. ತಂದೆ ತಾಯಿ ಒಪ್ಪಿದರೆ ಮಾತ್ರ. ಆಸ್ಪತ್ರೆ ಬಿಲ್ಲಿಗೇ ನೇರ ಕಟ್ಟಿ, ರಸೀದಿ ಅವರ ಕೈಗೆ ಕೊಡಿ.

ಕೋಟೆ ರಸ್ತೆ ಹುಡುಗ | ಜೂನ್ 8, ರಾತ್ರಿ 10:20

ಸರಿ ಅಣ್ಣ. ಫೋಟೋ ಬೇಡ. ನನ್ನ ಹತ್ತಿರ ಬೈಕ್ ಇದೆ, ಸಿಲಿಂಡರ್ ತುಂಬಿಸೋಕೆ ಯಾರು ಹೋಗುತ್ತಾರೆ? ಶಿವಮೊಗ್ಗದಲ್ಲಿ ನಾನು ವಿಚಾರಿಸುತ್ತೇನೆ. ಖಾಲಿ ಸಿಲಿಂಡರನ್ನು ಗೂಡ್ಸ್ ಗಾಡಿಯಲ್ಲಿ ಇಲ್ಲಿ ತನಕ ಕಳಿಸಿದರೆ ತುಂಬಿಸಿ ವಾಪಸ್ ಹತ್ತಿಸುವುದು ನನ್ನ ಕೆಲಸ.

ಹೆಸರು ಬೇಡ | ಜೂನ್ 9, ಬೆಳಗಿನ ಜಾವ 3:15

ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಗೊತ್ತಿಲ್ಲ. ನಿಮ್ಮ ಪಾಪು ಚೆನ್ನಾಗಿ ಬರುತ್ತಾಳೆ. ಆದರೆ ವಾರ್ಡಿನಲ್ಲಿ ಎಲ್ಲ ಮಕ್ಕಳೂ ಮನೆಗೆ ಬರುವುದಿಲ್ಲ. ನಮ್ಮ ಮಗ 19 ದಿನ ಇದ್ದ.

ಬಂದವರೆಲ್ಲ ‘ಇನ್ನೂ ಚಿಕ್ಕ ವಯಸ್ಸು, ಇನ್ನೊಂದು ಆಗುತ್ತೆ’ ಅಂದರು. ನನಗೆ ಹಾಲು ಇನ್ನೂ ನಿಂತಿರಲಿಲ್ಲ. ದೂರದ ಸಂಬಂಧದ ಅತ್ತೆ ಒಬ್ಬರು ಬಂದರು. ಪಕ್ಕದಲ್ಲಿ ಕೂತು, ‘ಯಾರ ಹಾಗಿದ್ದ?’ ಅಂತ ಕೇಳಿದರು. ಮೂಗು ಅವರಪ್ಪನದು ಅಂದೆ. ಕೈಬೆರಳು ಉದ್ದ ಇತ್ತು ಅಂದೆ. ಅವತ್ತು ಎರಡು ಗಂಟೆ ಅವನ ಬಗ್ಗೆಯೇ ಮಾತಾಡಿದೆ. ಅವನು ಇದ್ದ ಅಂತ ಒಪ್ಪಿಕೊಂಡವರು ಅವರೊಬ್ಬರೇ.

ನಿಮ್ಮ ತಂಗಿಗೆ ಪಾಪು ಬದುಕಿ ಬಂದಿದ್ದರೂ ರಾತ್ರಿ ಹೆದರಿಕೆ ಆಗುತ್ತೆ. ಖುಷಿಯಾಗಿರು, ಮಗು ಉಳಿಯಿತಲ್ಲ ಅಂತ ಬಾಯಿ ಮುಚ್ಚಿಸಬೇಡಿ. ನನಗೆ ಆರು ತಿಂಗಳ ಮೇಲೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 14416, ಯಾರೋ ಹೇಳಿದರು. ಕನ್ನಡದಲ್ಲೇ ಮಾತಾಡುತ್ತಾರೆ. ಮುಂಚೆಯೇ ಗೊತ್ತಿದ್ದರೆ ಅನ್ನಿಸಿತು.

ಐದು ಬಾಣಂತನ | ಜೂನ್ 9, ಬೆಳಿಗ್ಗೆ 7:00

ಮಗಳೇ, ಉದ್ದ ಬೆರಳಿನ ಮಗುವನ್ನು ನಾನೂ ಇವತ್ತು ನೆನೆಸಿಕೊಂಡೆ.

ಸಂಕದಾಚೆ ಮನೆ | ಜೂನ್ 15, ರಾತ್ರಿ 8:30

ನಿನ್ನೆ ಪಾಪು ಬಂದಳು. 2 ಕೆಜಿ 60 ಗ್ರಾಂ.

ನೀವು ಹೇಳಿದ್ದರಲ್ಲಿ ಆಗಿದ್ದು ಹೇಳುತ್ತೇನೆ. ಸಂಕ ಪೂರ್ತಿ ಹೊಸದಾಗಿ ಹಾಕಿದೆವು. ಮೊದಲು ಎರಡು ಮರ ಇತ್ತು, ಈಗ ನಾಲ್ಕು ಮರ, ಮೇಲೆ ಅಡಿಕೆ ದಬ್ಬೆ ಅಡ್ಡಕ್ಕೆ ಹೊಡೆದು, ಎರಡೂ ಪಕ್ಕ ಕೈಹಿಡಿಗೆ ಬಿದಿರು ಗಳ ಕಟ್ಟಿದ್ದಾರೆ. ಹನ್ನೊಂದು ಮನೆಯಿಂದಲೂ ಆಳು ಬಂದಿತ್ತು. ಸಿಲಿಂಡರನ್ನು ಇಬ್ಬರು ಹೊತ್ತು ದಾಟಿಸಿದರು. ಹಿಂದೆ ಇನ್ನೊಬ್ಬ ಕೊಡೆ ಹಿಡಿದು ಬಂದ, ತನಗಲ್ಲ, ಸಿಲಿಂಡರಿನ ವಾಲ್ವಿಗೆ. ರಿಪ್ಪನ್‌ಪೇಟೆ ಅಣ್ಣ ಬಂದು ಅರ್ಥಿಂಗ್ ಮಾಡಿಕೊಟ್ಟರು. ಊಟಕ್ಕೆ ಕೂರಿಸೋಕೆ ಒಂದು ಗಂಟೆ ಜಗಳ ಆಡಬೇಕಾಯ್ತು. ಬೋರ್ಡೋ ಒಂದು ಸುತ್ತು ಆಗಿದೆ.

ಬಟ್ಟೆ ನನ್ನದು. ಇಸ್ತ್ರಿ ಮಾಡಿ ಕೆನ್ನೆಗೆ ಒತ್ತಿ ನೋಡುತ್ತೇನೆ.

ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ನೋಡಿ ಎಲ್ಲ ಬರೆದುಕೊಂಡರು. 3, 6, 9, 12, 15ನೇ ತಿಂಗಳಿಗೆ ಮನೆಗೆ ಬರುತ್ತಾರಂತೆ, ಮಧ್ಯದಲ್ಲೂ ಕರೆದರೆ ಬರುತ್ತೇನೆ ಅಂದರು. ಒಂದೇ ಕಷ್ಟ ಆದದ್ದು ಜನರನ್ನು ಬರಬೇಡಿ ಅನ್ನುವುದು. ದೊಡ್ಡಮನೆಯವರು ಸೀರೆ ಬೆಳ್ಳಿ ಲೋಟ ಎಲ್ಲ ತಂದು ಸಂಕದ ಆಚೆ ನಿಂತಿದ್ದರು. ಅಜ್ಜಿಯೇ ಹೋಗಿ ಅಲ್ಲೇ ಮಾತಾಡಿಸಿ ಕಳಿಸಿದರು. ಸ್ವಲ್ಪ ಮುನಿಸು ಇದೆ, ಇರಲಿ.

ಸಂಕದಾಚೆ ಮನೆ | ಜೂನ್ 21, ಬೆಳಿಗ್ಗೆ 11:00

ನಿನ್ನೆ ಜೂನ್ 20. ಲೆಕ್ಕದ ಪ್ರಕಾರ ಪಾಪು ಹುಟ್ಟಬೇಕಾಗಿದ್ದ ದಿನ. ತಂಗಿಗೆ ನೆನಪಿತ್ತು, ಬೆಳಿಗ್ಗೆಯಿಂದ ಮಂಕಾಗಿದ್ದಳು. ಮೊನ್ನೆ ಸಂಜೆ ನಾಲ್ಕಕ್ಕೆ ಹೋದ ಕರೆಂಟ್ ನಿನ್ನೆ ರಾತ್ರಿ ಹನ್ನೊಂದಕ್ಕೆ ಬಂತು. 31 ಗಂಟೆ. ಒಂದೇ ಸಿಲಿಂಡರಿನಲ್ಲಿ ಆಯ್ತು.

ಮೊದಲ ರಾತ್ರಿ ನನ್ನ ಸರದಿ, ಮೀಟರ್ ನೋಡಿಕೊಂಡು ಕೂರುವುದು. ಟಾರ್ಚ್ ಬೆಳಕು, ಹೊರಗೆ ಮಳೆ. ತಂಗಿಯನ್ನು ಒಳಕೋಣೆಯಲ್ಲಿ ಮಲಗಲು ಕಳಿಸಿದೆವು. ಅಜ್ಜಿ ಗೋಡೆಗೆ ದಿಂಬು ಕೊಟ್ಟು ಒರಗಿ ಕೂತು ಪಾಪುವನ್ನು ಎದೆಗೆ ಕಟ್ಟಿಕೊಂಡಿದ್ದರು. ಮೇಲೆ ತಮ್ಮ ಹಳೇ ಹತ್ತಿ ಸೀರೆ. ಹನ್ನೆರಡರಿಂದ ನಾಲ್ಕರ ತನಕ ಅಲುಗಾಡಲಿಲ್ಲ. ಮಧ್ಯೆ ಒಂದು ಸಲ ನಾನು ‘ಕಾಲು ಜೋಮು ಹಿಡಿಯಲ್ವಾ ಅಜ್ಜಿ?’ ಅಂದೆ. ‘ಸುಮ್ನಿರು, ಇವಳ ಎದೆ ಬಡಿಯೋದು ನನಗೆ ಕೇಳ್ತಿದೆ’ ಅಂದರು. ಪಾಪುವಿನ ಪಾದಕ್ಕೆ ಸುತ್ತಿದ ಆಕ್ಸಿಮೀಟರಿನಲ್ಲಿ 95, 96. ತಂಗಿ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಮಾಡಿದಳು. ಮಾರ್ಚ್ ಆದಮೇಲೆ ಅಷ್ಟು ಮಲಗಿದ್ದು ಇದೇ ಮೊದಲಂತೆ.

ಒಂದು ಪ್ರಶ್ನೆ. ಊರಿನಲ್ಲಿ ಈಗಲೇ ‘ಮೂರು ತಿಂಗಳಾಯ್ತಲ್ಲ, ಮುಖ ನೋಡಿ ನಗಲ್ವಾ?’ ಅಂತ ಶುರುವಾಗಿದೆ. ಏನು ಹೇಳಲಿ?

ನೈಟ್ ಡ್ಯೂಟಿ | ಜೂನ್ 21, ಸಂಜೆ 4:40

ನಿನ್ನೆ ಹುಟ್ಟಿದಳು ಅಂತ ಹೇಳಿ. ನಗುವುದು, ಕುತ್ತಿಗೆ ನಿಲ್ಲುವುದು, ಮಗುಚುವುದು ಎಲ್ಲದಕ್ಕೂ ಜೂನ್ 20ರಿಂದಲೇ ಲೆಕ್ಕ ಹಾಕಬೇಕು. ಲಸಿಕೆಗೆ ಮಾತ್ರ ನಿಜವಾಗಿ ಹುಟ್ಟಿದ ತಾರೀಖು, ಅದನ್ನು ಮುಂದೂಡಬಾರದು.

ಕಣ್ಣಿನ ಚೆಕಪ್ ತಾರೀಖು ಯಾವಾಗ? 34 ವಾರಕ್ಕೆ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ಪರದೆಯ ರಕ್ತನಾಳ ಸರಿಯಾಗಿ ಬೆಳೆಯದೆ ಆರ್‌ಒಪಿ ಅನ್ನುವ ಕಣ್ಣಿನ ಕಾಯಿಲೆ ಬರಬಹುದು. ಹೊರಗಿನಿಂದ ಏನೂ ಕಾಣಲ್ಲ. ಸಮಯಕ್ಕೆ ನೋಡಿ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತೆ, ಕೆಲವು ವಾರ ತಡವಾದರೆ ಉಳಿಯದೇ ಹೋಗಬಹುದು. ಮಳೆ, ಬಸ್ ಇಲ್ಲ, ಮನೆಯಲ್ಲಿ ಕೆಲಸ ಅಂತ ಈ ಒಂದು ತಾರೀಖು ತಪ್ಪಿಸಿದವರನ್ನು ಕಂಡಿದ್ದೇನೆ. ಈ ತಾರೀಖು ನೆನಪಿಡುವುದನ್ನೇ ಒಬ್ಬರು ಕೆಲಸವಾಗಿ ಹಿಡಿಯಿರಿ.

ಸಂಕದಾಚೆ ಮನೆ | ಜೂನ್ 21, ರಾತ್ರಿ 8:10

ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ನೋಡಿದ್ದಾರೆ. ಮತ್ತೆ ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿದ್ದಾರೆ. ನನ್ನ ಗಂಡ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದರು, ಜೀಪಿನವರ ಮನೆ ಕ್ಯಾಲೆಂಡರಿನಲ್ಲೂ ಹಾಕಿ ಬಂದರು. ಆವತ್ತೇ ವಾಪಸ್ ಬರುವುದು ಕಷ್ಟ ಆಗಬಹುದು. ಶಿವಮೊಗ್ಗದಲ್ಲಿ ಒಂದು ರಾತ್ರಿ ಇರಲು, ಕರೆಂಟ್ ಇರುವ, ಮೆಟ್ಟಿಲು ಕಡಿಮೆ ಇರುವ ಜಾಗ ಯಾರದಾದರೂ ಇದೆಯಾ?

ಕೋಟೆ ರಸ್ತೆ ಹುಡುಗ | ಜೂನ್ 21, ರಾತ್ರಿ 8:25

ನಮ್ಮ ಮನೆ ಕೆಳಗಡೆ ಇದೆ ಅಕ್ಕ. ಅಮ್ಮನಿಗೆ ಹೇಳಿದೆ. ಮುಂದಿನ ಕೋಣೆ ಖಾಲಿ ಮಾಡಿ ಇಡುತ್ತಾರೆ, ಅಲ್ಲಿ ದೀಪ ಊದುಬತ್ತಿ ಹಚ್ಚಲ್ಲ. ಅಪ್ಪ ಅವತ್ತು ಸಿಗರೇಟ್ ಸೇದೋಕೆ ಬೀದಿಗೆ ಹೋಗುತ್ತಾರೆ. ತುಂಬಿದ ಸಿಲಿಂಡರ್ ಒಂದು ಇಲ್ಲೇ ಇಟ್ಟಿರುತ್ತೇನೆ.

ಸಾಗರದ ಅಮ್ಮ | ಜೂನ್ 21, ರಾತ್ರಿ 9:00

ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಒಂದಷ್ಟು ಹೊತ್ತು ಬೆಳಕು ಚುಚ್ಚುತ್ತೆ, ಪಾಪು ಅಳುತ್ತೆ. ಮುಂದೆ ಅಂಚಿರುವ ಟೋಪಿ ಇರಲಿ. ತಂಗಿ ಜೊತೆ ಇನ್ನೊಬ್ಬರು ಹೆಂಗಸರು ಹೋಗಿ ಅಕ್ಕ. ಚೆಕಪ್ ಮಾಡುವಾಗ ಪಾಪುವಿನ ಕಣ್ಣು ಬಿಡಿಸಿ ಹಿಡಿಯುತ್ತಾರೆ, ತಾಯಿಗೆ ನೋಡೋಕೆ ಆಗಲ್ಲ. ನಾನು ಹೊರಗೆ ಬಂದು ಕೂತುಬಿಟ್ಟಿದ್ದೆ.

ಸಂಕದಾಚೆ ಮನೆ | ಜೂನ್ 21, ರಾತ್ರಿ 9:20

ನಾನು ಹೋಗುತ್ತೇನೆ. ದೊಡ್ಡ ಹುಡುಗ ನಮ್ಮ ಮನೆಯಲ್ಲಿ ಮಲಗುತ್ತಾನೆ. ಟೋಪಿಗೆ ಅಜ್ಜಿ ಆಗಲೇ ಹಳೇ ಪಂಚೆ ಕತ್ತರಿಸುತ್ತಿದ್ದಾರೆ.